ಅಲೈನ್‌ಮೆಂಟಿಗೆ ಮೊದಲು ಚಕ್ರ ಅಲುಗಾಡಿಸಿ ನೋಡಿ

ಚಕ್ರಗಳು ನಿಂತ ಕೋನವನ್ನು ಸರಿ ಮಾಡುವುದೇ ಅಲೈನ್‌ಮೆಂಟ್. ಅದರ ಯಂತ್ರ ಅಳೆಯುವುದು ನಿಂತ ಕಾರನ್ನು. ಬ್ರೇಕ್ ಒತ್ತಿದಾಗ, ಹೊಂಡಕ್ಕೆ ಬಿದ್ದಾಗ ಚಕ್ರ ಎತ್ತ ತಿರುಗುತ್ತದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮಿನ ಬುಷ್ (ರಬ್ಬರ್ ಜೋಡಣೆ) ಹರಿದಿದ್ದರೂ ಪರದೆಯ ಮೇಲೆ ಅಂಕೆಗಳೆಲ್ಲ ಹಸಿರಾಗಿಯೇ ಬರಬಹುದು. ಹಣ ಕೊಟ್ಟು ಹೋದವರು ವಾರ ಕಳೆದು ಬಂದು, "ಎಂತ ಮಾರಾಯ್ರೆ, ಪುನಃ ಎಡಕ್ಕೇ ಎಳೀತದಲ್ಲ" ಅನ್ನುತ್ತಾರೆ.

ನಮ್ಮ ಕಾಸರಗೋಡಿನಲ್ಲಿ ಇದು ತುಸು ಹೆಚ್ಚೇ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ದಾರಿಗಳಲ್ಲಿ ಮುರಕಲ್ಲಿನ ಹುಡಿ. ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಬಾಲ್ ಜಾಯಿಂಟಿನ ರಬ್ಬರ್ ಬೂಟ್ (ಮುಸುಕು) ಒಂದು ಕಡೆ ಸೀಳಿದರೆ ಸಾಕು. ಕೆಸರು ನೀರು ಒಳಹೊಕ್ಕು ಗ್ರೀಸನ್ನು ತೊಳೆದು ಹಾಕುತ್ತದೆ.

ಮೊದಲು ಡಿಕ್ಕಿ ತೆರೆಯಿರಿ. ಅಡಿಕೆ ಗೋಣಿ ಇದ್ದರೆ ಇಳಿಸಿ. ಹಿಂದೆ ಭಾರ ಕೂತರೆ ಮುಂದಿನ ಎತ್ತರವೂ ಬದಲಾಗುತ್ತದೆ, ಅಳತೆಯೂ ಬದಲಾಗುತ್ತದೆ. ಗಾಳಿ ಸರಿ ಮಾಡಿ. ಬಳಿಕ ಟೈರಿನ ಮೇಲೆ ಅಂಗೈ ಅಡ್ಡಕ್ಕೆ ಸವರಿ. ಒಂದು ದಿಕ್ಕಿಗೆ ನಯವಾಗಿ, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಟೋ (ಮೇಲಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿ ನಿಂತ ಕೋನ) ತಪ್ಪಿದೆ ಎನ್ನಬಹುದು. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ನೋಡಬೇಕು.

ಟೋ ಎಂದರೆ ಸಣ್ಣ ವಿಷಯವಲ್ಲ. ಒಂದು ಚಕ್ರ ಕಾಲು ಡಿಗ್ರಿ ತಿರುಗಿ ನಿಂತಿದ್ದರೆ ಪ್ರತಿ ಕಿಲೋಮೀಟರಿಗೆ ನಾಲ್ಕು ಮೀಟರಿಗೂ ಮಿಕ್ಕಿ ಟೈರು ಅಡ್ಡಕ್ಕೆ ಉಜ್ಜಿಕೊಂಡೇ ಹೋಗುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವಷ್ಟರಲ್ಲಿ ಇನ್ನೂರು ಮೀಟರ್ ಆಯಿತು.

ಇನ್ನು ಅಲುಗಾಡಿಸುವ ಕೆಲಸ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲ) ಸಿಕ್ಕಿದರೆ ಬೇರಿಂಗೋ ಬಾಲ್ ಜಾಯಿಂಟೋ ಎಂಬ ಅನುಮಾನ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ; ಆಗ ಅಲುಗಾಟ ನಿಂತರೆ ಬೇರಿಂಗ್. ಎಡಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಸಡಿಲ ಕಂಡರೆ, ಸ್ಟೇರಿಂಗ್ ತಿರುಗಿಸಿದಾಗ ಎಡಬಲ ಸರಿಯುವ ರ್‍ಯಾಕಿನಿಂದ ಚಕ್ರಕ್ಕೆ ಹೋಗುವ ಟೈ ರಾಡಿನ ಕೀಲುಗಳು: ಹೊರತುದಿಯ ಟೈ ರಾಡ್ ಎಂಡ್ ಅಥವಾ ಒಳತುದಿಯ ರ್‍ಯಾಕ್ ಎಂಡ್.

ಆದರೆ ನನಗೆ ಹೆಚ್ಚು ನಂಬಿಕೆ ಇರುವುದು ಕಾರು ನೆಲದ ಮೇಲಿರುವಾಗ ಮಾಡುವ ಪರೀಕ್ಷೆಯ ಮೇಲೆ. ಎಂಜಿನ್ ಚಾಲೂ ಇರಲಿ, ಕಾರು ಗೇರಿನಲ್ಲಿರದೆ ಹ್ಯಾಂಡ್‌ಬ್ರೇಕ್ ಹಾಕಿರಲಿ. ಒಬ್ಬರು ಸ್ಟೇರಿಂಗನ್ನು ತುಸುವೇ ಆಚೆ ಈಚೆ ಆಡಿಸಬೇಕು, ಚಕ್ರ ತಿರುಗುವಷ್ಟು ಬೇಡ. ಇನ್ನೊಬ್ಬರು ಟೈ ರಾಡ್ ಎಂಡ್ ಸೇರುವ ಜಾಗದ ಮೇಲೆ, ಎರಡೂ ಭಾಗಕ್ಕೆ ತಾಗುವಂತೆ ಬೆರಳಿಡಬೇಕು. ಸವೆದಿದ್ದರೆ ಕಣ್ಣಿಗೆ ಕಾಣದ 'ಟಕ್' ಬೆರಳಿಗೆ ಸಿಗುತ್ತದೆ. ಲೋವರ್ ಆರ್ಮಿನ ಹಿಂದಿನ ಬುಷ್‌ಗೆ ಲಿವರ್ ಕೊಟ್ಟು ಮೀಟಿ ನೋಡಿ. ಮೇಲಿಂದ ಸರಿ ಇದ್ದಂತೆ ಕಾಣುವ ರಬ್ಬರ್ ಮೀಟಿದಾಗ ಬಾಯಿ ಬಿಡುತ್ತದೆ. ಬ್ರೇಕ್ ಹಾಕಿದಾಗ ಮಾತ್ರ ಎಳೆಯುವ ಕಾರಿನಲ್ಲಿ ಬ್ರೇಕಿನ ಜೊತೆಗೆ ಇದನ್ನೂ ನೋಡಲೇಬೇಕು.

ಲಿಂಕ್ ರಾಡ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳಿನ ಕೊಂಡಿ) ಕಟಕಟ ಅನ್ನುತ್ತದೆ, ಸದ್ದಿಗೆ ಬೇಕಿದ್ದರೆ ಬದಲಿಸಿ. ಅಲೈನ್‌ಮೆಂಟಿಗಾಗಿ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ.

ಎಲ್ಲ ಬಿಗಿಯಾಗಿದ್ದೂ ಎಳೆಯುತ್ತಿದ್ದರೆ ಮುಂದಿನ ಎರಡು ಟೈರನ್ನು ಅದಲು ಬದಲು ಮಾಡಿ (ಒಂದೇ ದಿಕ್ಕಿಗೆ ಓಡಬೇಕಾದ ಟೈರಿಗೆ ಇದು ಆಗದು). ಎಳೆತದ ದಿಕ್ಕು ಬದಲಾದರೆ ತಪ್ಪು ಟೈರಿನದ್ದು. ನೀರು ಹರಿಯಲೆಂದು ರಸ್ತೆ ಎಡಕ್ಕೆ ಇಳಿಜಾರಿರುವುದೂ ನೆನಪಿರಲಿ.

ಕಡಲ ಬದಿಯ ಕಾರುಗಳಲ್ಲಿ ಟೈ ರಾಡಿನ ಲಾಕ್ ನಟ್ ತುಕ್ಕು ಹಿಡಿದು ಕೂತಿರುತ್ತದೆ. ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಬಿಡಬೇಕು. ಟೋ ಸರಿ ಮಾಡಲು ರಾಡ್ ತಿರುಗಿಸುವಾಗ ರ್‍ಯಾಕ್ ಬೂಟ್ ಅದರ ಜೊತೆ ತಿರುಚಿಕೊಳ್ಳದಂತೆ ಕ್ಲಿಪ್ ಸಡಿಲಿಸಿ. ಇಲ್ಲದಿದ್ದರೆ ಅದು ಹರಿದು ನೀರು ರ್‍ಯಾಕಿಗೇ ಇಳಿಯುತ್ತದೆ.

ಹೊಸ ಬುಷ್ ಹಾಕಿದ್ದರೆ ಆರ್ಮಿನ ಬೋಲ್ಟನ್ನು ಚಕ್ರ ನೇತಾಡುವಾಗ ಪೂರ್ತಿ ಬಿಗಿ ಮಾಡಬೇಡಿ. ಕಾರು ತನ್ನ ಭಾರದಲ್ಲಿ ಕೂತ ಮೇಲೆ ಬಿಗಿ ಮಾಡಿ, ಆಮೇಲೆ ಯಂತ್ರಕ್ಕೆ ಹತ್ತಿಸಿ.