ಟಿಕ್ ಫೀವರ್ ಮಾತ್ರೆ ಜೊತೆ ಪರಂಗಿ ಎಲೆ ರಸ ಕೊಡಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ನಮ್ಮ ನಾಯಿ ರಾಜನಿಗೆ ಐದು ವರ್ಷ. ಟಿಕ್ ಫೀವರ್ ಅಂತ 28 ದಿನಕ್ಕೆ ಮಾತ್ರೆ ಬರೆದುಕೊಟ್ಟಿದ್ದಾರೆ. ನಮ್ಮ ಅತ್ತೆ, “ಇಂಗ್ಲಿಷ್ ಔಷಧಿ ಹೀಟು, ಅಷ್ಟು ದಿನ ಕೊಟ್ರೆ ನಾಯಿ ಉಳಿಯಲ್ಲ, ಪರಂಗಿ ಎಲೆ ರಸ ಕುಡಿಸು, ಬೇವಿನ ಎಣ್ಣೆ ಹಚ್ಚು” ಅಂತಾರೆ. ಎರಡೂ ಒಟ್ಟಿಗೆ ಮಾಡಬಹುದಾ, ಇಲ್ಲ ಒಂದನ್ನೇ ಮಾಡಬೇಕಾ? ಮನೆಯಲ್ಲಿ ಒಂದು ಬೆಕ್ಕೂ ಇದೆ.

ಒಟ್ಟಿಗೆ ಮಾಡಬಹುದಮ್ಮ. ಆದರೆ ಮಾತ್ರೆ ನಿಲ್ಲಿಸಿ ರಸ ಕೊಡುವುದಲ್ಲ. ಮಾತ್ರೆ ಒಂದು ದಿನವೂ ತಪ್ಪದೆ ನಡೆಯುತ್ತಿರಬೇಕು, ಜೊತೆಗೆ ಏನು ಕೊಡುತ್ತೀರೋ ಅದು ನಿಮ್ಮ ಡಾಕ್ಟರಿಗೆ ಗೊತ್ತಿರಬೇಕು. ನನ್ನ ಉತ್ತರ ಇಷ್ಟೇ. ಆದರೆ ವಾರಕ್ಕೆ ಒಬ್ಬರಾದರೂ ಇದೇ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಅತ್ತೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಕಡೆ ಹಸು ಕಟ್ಟಿದ ಯಾವ ಮನೆಯಲ್ಲಿ ನಾಟಿ ಔಷಧಿ ಗೊತ್ತಿಲ್ಲ ಹೇಳಿ? ಕೆಚ್ಚಲು ಬಾವಿಗೆ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ರುಬ್ಬಿ ಹಚ್ಚುವುದನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯವರೇ ಹೇಳಿಕೊಡುತ್ತಾರೆ. ನಾನೂ ಹೇಳುತ್ತೇನೆ. ತೊಂದರೆ ಬರುವುದು ಅದನ್ನೇ ನಾಯಿಯ ಗಾಯಕ್ಕೆ ಮೆತ್ತಿದಾಗ. ಹಸುವಿಗೆ ಹಚ್ಚಿದ್ದು ಕೆಚ್ಚಲ ಮೇಲೆ ಉಳಿಯುತ್ತದೆ. ನಾಯಿ ಎರಡೇ ನಿಮಿಷದಲ್ಲಿ ಅಷ್ಟನ್ನೂ ನೆಕ್ಕಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಸುಣ್ಣ ಬಾಯಿ ಸುಡುತ್ತದೆ, ಲೋಳೆಸರದ ಸಿಪ್ಪೆಯ ಕೆಳಗಿನ ಹಳದಿ ರಸ ಭೇದಿ ಮಾಡಿಸುತ್ತದೆ. ಔಷಧಿ ಅದೇ, ಪ್ರಾಣಿ ಬೇರೆ.

ಈಗ ರಾಜನ ವಿಷಯ. ಟಿಕ್ ಫೀವರ್ ಅಂದರೆ ಒಂದೇ ಕಾಯಿಲೆ ಅಲ್ಲ. ಉಣ್ಣೆ ಕಚ್ಚಿದಾಗ ಎರ್ಲಿಚಿಯಾ ಅನ್ನೋ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಬಿಳಿ ರಕ್ತಕಣದ ಒಳಗೇ ಮನೆ ಮಾಡಿಕೊಳ್ಳುತ್ತದೆ. ಇನ್ನೊಂದು ಬೆಬೀಸಿಯಾ ಅನ್ನೋ ಪರಾವಲಂಬಿ ಜೀವಿ. ಅದು ಕೆಂಪು ರಕ್ತಕಣದ ಒಳಗೆ ಹೊಕ್ಕು ಅದನ್ನು ಒಡೆಯುತ್ತದೆ. ಮೊದಲನೆಯದಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆ. ಎರಡನೆಯದಕ್ಕೆ ಅದೊಂದೇ ಸಾಲದು, ಬೇರೆ ಔಷಧಿ ಬೇಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಜ್ವರ, ಊಟ ಬಿಡುವುದು, ಮಂಕಾಗಿ ಮೂಲೆ ಹಿಡಿಯುವುದು, ಒಸಡು ಬಿಳಿಚಿಕೊಳ್ಳುವುದು. ಅದಕ್ಕೇ ರಕ್ತ ಪರೀಕ್ಷೆ ಮೊದಲು. ಕಾಯಿಲೆ ಯಾವುದು ಅಂತ ಗೊತ್ತಾಗದೆ ನಾಟಿ ಔಷಧಿಯೂ ಗುರಿ ಮುಟ್ಟಲ್ಲ, ಇಂಗ್ಲಿಷ್ ಔಷಧಿಯೂ ಮುಟ್ಟಲ್ಲ.

28 ದಿನ ಯಾಕೆ ಅಂತ ನಿಮ್ಮ ಅತ್ತೆ ಕೇಳುವುದು ನ್ಯಾಯವೇ. ಮೂರು ನಾಲ್ಕು ದಿನಕ್ಕೇ ನಾಯಿ ಎದ್ದು ಓಡಾಡುತ್ತದೆ, ಬಾಲ ಅಲ್ಲಾಡಿಸುತ್ತದೆ, ತಟ್ಟೆ ನೆಕ್ಕುತ್ತದೆ. ಸರಿಹೋಯ್ತು ಅಂತ ಮಾತ್ರೆ ಬಿಡುತ್ತಾರೆ. ಆದರೆ ಬ್ಯಾಕ್ಟೀರಿಯಾ ರಕ್ತಕಣದ ಒಳಗೆ ಅವಿತುಕೊಂಡಿರುತ್ತದೆ. ಕೆಲವು ನಾಯಿಗಳಲ್ಲಿ ಅದು ಎಲುಬಿನ ಮಜ್ಜೆಗೇ ಪೆಟ್ಟು ಕೊಡುತ್ತದೆ. ಆಮೇಲೆ ಮೂಗಲ್ಲಿ ರಕ್ತ ಬರುತ್ತಾ ವಾಪಸ್ ಕರೆದುಕೊಂಡು ಬರುತ್ತಾರೆ.

ನನ್ನ ಟೇಬಲ್ ಮೇಲೆ ಮಲಗಿದ್ದ ಒಂದು ನಾಯಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂಬತ್ತು ದಿನ ಬರೀ ಪರಂಗಿ ಎಲೆ ರಸ ಕುಡಿಸಿದ್ದರು. ಪ್ರೀತಿಯಿಂದಲೇ, ದಿನಾ ಬೆಳಗ್ಗೆ ಎದ್ದು ಎಲೆ ಕೊಯ್ದು ಅರೆದು ಹಿಂಡಿ. ತುಟಿ ಎತ್ತಿ ನೋಡಿದೆ. ಒಸಡು ಸುಣ್ಣ ಬಳಿದ ಗೋಡೆ ಥರ. ಹೊಟ್ಟೆಯ ಚರ್ಮದ ಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಕೆಂಪು ಚುಕ್ಕೆ. ಆ ನಾಯಿ ಉಳಿಯಲಿಲ್ಲ. ಅದನ್ನು ಕೊಂದದ್ದು ಪರಂಗಿ ಎಲೆ ಅಲ್ಲ, ಕಳೆದುಹೋದ ಒಂಬತ್ತು ದಿನ. ಅವರಿಗೆ ಆವತ್ತು ಏನು ಹೇಳಬೇಕು ಅಂತ ನನಗೆ ತೋಚಲಿಲ್ಲ.

ಹಾಗಾದರೆ ಪರಂಗಿ ಎಲೆಯಿಂದ ಏನೂ ಉಪಯೋಗ ಇಲ್ವಾ? ಡೆಂಗ್ಯೂ ಬಂದಾಗ ಮನುಷ್ಯರಿಗೆ ಕೊಡುತ್ತಾರಲ್ಲ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಏರಲಿ ಅಂತ, ಅದನ್ನೇ ನೋಡಿ ನಾಯಿಗೂ ಬಂದದ್ದು. ಪರಂಗಿ ಎಲೆಯ ಸಾರದ ಮಾತ್ರೆ, ಸಿರಪ್ ಬರೆದುಕೊಡುವ ಪಶುವೈದ್ಯರೂ ಇದ್ದಾರೆ. ನನ್ನ ಅಭಿಪ್ರಾಯ ಇದು: ಆಸರೆಗೆ ಕೊಡಬಹುದು, ಆದರೆ ಅದು ಎರ್ಲಿಚಿಯಾವನ್ನು ಕೊಲ್ಲುವುದಿಲ್ಲ. ನಾಯಿಗೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ 2 ಲಕ್ಷದಿಂದ 5 ಲಕ್ಷದವರೆಗೆ ಇರುತ್ತದೆ. ಬಿದ್ದ ಲೆಕ್ಕ ಮೇಲೆ ಬಂದು ಅಲ್ಲೇ ನಿಲ್ಲಬೇಕಾದರೆ ಅದನ್ನು ಬೀಳಿಸುತ್ತಿರುವ ಬ್ಯಾಕ್ಟೀರಿಯಾ ಸಾಯಬೇಕು. ಹಸಿ ರಸ ತುಂಬಾ ಕಹಿ, ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ ಆಗುತ್ತದೆ, ಜೊತೆಗೆ ನುಂಗಿದ ಮಾತ್ರೆಯೂ ಆಚೆ ಬರುತ್ತದೆ. ಆದ್ದರಿಂದ ಕೊಡುವುದೇ ಆದರೆ ಡಾಕ್ಟರ್ ಹೇಳಿದ ಸಿರಪ್ಪು, ಅವರು ಹೇಳಿದಷ್ಟೇ.

ಕುಡಿಸುವ ರೀತಿ ಬಗ್ಗೆ ಒಂದು ಮಾತು. ಹಸುವಿಗೆ ಗೊಟ್ಟ ಹಾಕಿ ಅಭ್ಯಾಸ ಇರುವವರು ನಾಯಿಗೂ ತಲೆ ಮೇಲೆತ್ತಿ ಬಾಯಿಗೆ ಸುರಿಯುತ್ತಾರೆ. ಬೇಡ. ಸುಸ್ತಾದ ನಾಯಿ ಸರಿಯಾಗಿ ನುಂಗಲ್ಲ, ರಸ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಸೂಜಿ ತೆಗೆದ ಸಿರಿಂಜಿನಲ್ಲಿ, ತಲೆ ನೆಟ್ಟಗಿರುವಾಗ, ಕೆನ್ನೆಯ ಸಂದಿಯಲ್ಲಿ ಸ್ವಲ್ಪ ಸ್ವಲ್ಪ ಬಿಡಿ. ಅದು ನುಂಗಿದ ಮೇಲೆ ಮತ್ತೆ ಸ್ವಲ್ಪ.

ಇನ್ನು “ಹೀಟು”. ಡಾಕ್ಸಿಸೈಕ್ಲಿನ್ ಕೊಟ್ಟಾಗ ಹೊಟ್ಟೆ ತೊಳಸುವುದು ನಿಜ. ಅದಕ್ಕೆ ಜನ ತಂಪಿಗೆ ಅಂತ ಹಾಲು, ಮಜ್ಜಿಗೆ ಕೊಡುತ್ತಾರೆ. ಇಲ್ಲೇ ಎಡವಟ್ಟು ಆಗುವುದು. ಹಾಲಿನ ಕ್ಯಾಲ್ಸಿಯಂ ಈ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಕ್ಯಾಲ್ಸಿಯಂ ಟಾನಿಕ್ಕು, ರಕ್ತಕ್ಕೆ ಅಂತ ಕೊಡುವ ಕಬ್ಬಿಣದ ಟಾನಿಕ್ಕು ಎರಡೂ ಹಾಗೇ. ಮಾತ್ರೆಗೂ ಇವಕ್ಕೂ ಎರಡು ಗಂಟೆಯಾದರೂ ಅಂತರ ಇರಲಿ. ನಮ್ಮ ಕಡೆ ನಾಯಿಗೆ ಮುದ್ದೆಯೇ ಊಟ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಗಾಗಿ ನಾನು ಮಾತ್ರೆಯ ಹೊತ್ತಿಗೆ ಮುದ್ದೆ ಬೇಡ ಅನ್ನುತ್ತೇನೆ. ಅನ್ನ, ಬೇಯಿಸಿದ ಕೋಳಿ ಕೊಡಿ, ಮುದ್ದೆ ಇನ್ನೊಂದು ಹೊತ್ತಿಗಿರಲಿ. ಬರೀ ಹೊಟ್ಟೆಗೆ ಮಾತ್ರೆ ಹಾಕದಿದ್ದರೆ ಹೀಟಿನ ಸಮಸ್ಯೆ ಮುಕ್ಕಾಲು ಭಾಗ ಹೋಗುತ್ತದೆ.

ಮುದ್ದೆ ಜೊತೆ ಸಾರು ಹಾಕುತ್ತೀರಾ? ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇದ್ದರೆ ನಿಲ್ಲಿಸಿ. ಇವು ನಾಯಿ ಬೆಕ್ಕುಗಳ ಕೆಂಪು ರಕ್ತಕಣವನ್ನು ಒಡೆಯುತ್ತವೆ. ಕಾಯಿಲೆಯಿಂದಲೇ ರಕ್ತ ಕಡಿಮೆಯಾಗಿರುವ ನಾಯಿಗೆ ಇದು ಎರಡನೇ ಹೊಡೆತ. ಬೆಳ್ಳುಳ್ಳಿ ತಿನ್ನಿಸಿದರೆ ಉಣ್ಣೆ ಹತ್ತಲ್ಲ ಅನ್ನುವುದನ್ನೂ ನಂಬಬೇಡಿ. ಅದಕ್ಕಿಂತ ದೊಡ್ಡ ಅಪಾಯ ದ್ರಾಕ್ಷಿ. ಚಿಕ್ಕಬಳ್ಳಾಪುರ ದ್ರಾಕ್ಷಿಯ ಊರು, ಎಲ್ಲರ ಮನೆಯಲ್ಲೂ ಇರುತ್ತದೆ. ರಕ್ತ ಆಗಲಿ ಅಂತ ಒಣದ್ರಾಕ್ಷಿ ನೆನೆಸಿ ಹಿಂಡಿ ಕೊಡುತ್ತಾರೆ, ಕೆಲವರು ದ್ರಾಕ್ಷಾರಿಷ್ಟವನ್ನೇ ಕೊಡುತ್ತಾರೆ. ದ್ರಾಕ್ಷಿ ಹಸಿ ಆಗಲಿ ಒಣ ಆಗಲಿ, ನಾಯಿಯ ಕಿಡ್ನಿಯನ್ನು ಕೆಡಿಸಬಲ್ಲದು. ಎಷ್ಟು ತಿಂದರೆ ಅಂತ ಲೆಕ್ಕ ಕೊಡುವುದಕ್ಕೂ ಆಗಲ್ಲ, ಒಂದು ನಾಯಿಗೆ ಏನೂ ಆಗಲ್ಲ, ಇನ್ನೊಂದಕ್ಕೆ ನಾಲ್ಕೇ ಕಾಳು ಸಾಕು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅನ್ನುವ ಅನುಮಾನ 2021ರಿಂದ ಬಲವಾಗಿದೆ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಜಾಸ್ತಿ ಇದೆ, ಆದ್ದರಿಂದ ಹುಣಸೆ ಹುಳಿಯೂ ನಾಯಿಗೆ ಬೇಡ. ಅರಿಷ್ಟದಲ್ಲಿ ಆಲ್ಕೋಹಾಲ್ ಬೇರೆ ಇರುತ್ತದೆ.

ಬೇವಿನ ಎಣ್ಣೆಗೆ ಬರೋಣ. ನೀವು ಶಿಡ್ಲಘಟ್ಟದವರು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರೆ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಉಣ್ಣೆಗೆ ಅಂತ ಸ್ಪ್ರೇ ಹೊಡೆದರೆ ಹುಳು ಸಾಯುತ್ತದೆ, ಹೊಡೆಯದಿದ್ದರೆ ನಾಯಿ ಸಾಯುತ್ತದೆ. ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಹುಳು ಕಣ್ಣೆದುರೇ ನೆಲಕ್ಕೆ ಬಿದ್ದರೆ ಆ ಬೆಳೆಯ ಸಾಲ ತೀರಿಸುವುದು ಯಾರು? ಅದಕ್ಕೆ ಬೇವು ಸುರಕ್ಷಿತ ಅಂತ ಹಚ್ಚುತ್ತಾರೆ. ಆದರೆ ಬೇವಿನಲ್ಲಿರುವ ಅಂಶವೇ ಹುಳುಗಳ ಪೊರೆ ಬಿಡುವ ಕ್ರಿಯೆಯನ್ನು ಕೆಡಿಸುವಂಥದ್ದು, ರೇಷ್ಮೆ ಹುಳುವಿಗೂ ಅದು ವಿಷವೇ. ಬೇವಿನ ಎಣ್ಣೆ ಮೆತ್ತಿದ ಕೈಯಲ್ಲಿ ಹುಳುವಿನ ಹಿಪ್ಪುನೇರಳೆ ಸೊಪ್ಪು ಮುಟ್ಟಬೇಡಿ. ಉಣ್ಣೆಯನ್ನು ಅದು ಸ್ವಲ್ಪ ಹೊತ್ತು ದೂರ ಇಡಬಹುದು, ಪೂರ್ತಿ ತಡೆಯಲ್ಲ. ಕಾಯಿಲೆ ಹರಡಲು ಒಂದೆರಡು ಉಣ್ಣೆ ಸಾಕು.

ನಿಮ್ಮಂಥ ಮನೆಗೆ ನಾನು ಹೇಳುವುದು ಬಾಯಿಗೆ ಹಾಕುವ ಉಣ್ಣೆ ಮಾತ್ರೆ. ಫ್ಲುರಲನರ್ ಅನ್ನೋದು ಸುಮಾರು ಹನ್ನೆರಡು ವಾರ ಬರುತ್ತದೆ, ಅಫಾಕ್ಸೊಲನರ್ ಒಂದು ತಿಂಗಳು. ರಕ್ತ ಹೀರಿದ ಉಣ್ಣೆ ಸಾಯುತ್ತದೆ, ಮನೆಗೆ ಏನೂ ಸಿಂಪಡಿಸಬೇಕಾಗಿಲ್ಲ. ನಾಯಿಗೆ ಫಿಟ್ಸ್ ಬಂದ ಇತಿಹಾಸ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಬೆಲೆ ಜಾಸ್ತಿ, ಒಪ್ಪುತ್ತೇನೆ, ಆದರೆ ಒಂದು ಟಿಕ್ ಫೀವರ್ ಚಿಕಿತ್ಸೆಯ ಖರ್ಚು ಈಗ ನಿಮಗೇ ಗೊತ್ತಿದೆ. ಜೊತೆಗೆ ಕೈಕೆಲಸವೂ ಬೇಕು. ನಾಯಿ ಮೈಮೇಲಿನ ಉಣ್ಣೆ ಹೊಟ್ಟೆ ತುಂಬಿದ ಮೇಲೆ ಇಳಿದುಹೋಗಿ ಗೋಡೆ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ರಾಜ ಮಲಗುವ ಜಾಗದ ಬಿರುಕು ಮುಚ್ಚಿಸಿ, ಗೋಣಿಚೀಲ ವಾರಕ್ಕೊಮ್ಮೆ ಬಿಸಿನೀರಿಗೆ ಹಾಕಿ, ಕಿವಿ ಒಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ದಿನಾ ಬೆರಳಾಡಿಸಿ ನೋಡಿ. ನಿಜವಾದ ಮನೆ ಮದ್ದು ಅಂದರೆ ನನ್ನ ಮಟ್ಟಿಗೆ ಇದೇ.

ಬೆಕ್ಕಿನ ಬಗ್ಗೆ ದಯವಿಟ್ಟು ಗಮನ ಇಟ್ಟು ಓದಿ. ಬೆಕ್ಕು ಸಣ್ಣ ನಾಯಿ ಅಲ್ಲ. ಅದರ ಲಿವರ್ ಹಲವು ಪದಾರ್ಥಗಳನ್ನು ಕರಗಿಸಿ ಹೊರಹಾಕಲು ಆಗದ ಲಿವರ್. ಮನುಷ್ಯರು ನುಂಗುವ 500 ಮಿಲಿಗ್ರಾಂನ ಒಂದು ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲಲು ಸಾಕು. ಒಸಡು ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ, ಮುಖ, ಪಾದ ಊದಿಕೊಳ್ಳುತ್ತದೆ. ನಾಯಿಗೆ ಕತ್ತಿನ ಮೇಲೆ ಹಾಕುವ ಪರ್ಮೆತ್ರಿನ್ ಇರುವ ಉಣ್ಣೆ ಔಷಧಿ ಬೆಕ್ಕಿಗೆ ವಿಷ, ಹಾಕಿದ ನಾಯಿಯ ಪಕ್ಕ ಬೆಕ್ಕು ಅಂಟಿಕೊಂಡು ಮಲಗಿದರೂ ತೊಂದರೆ. ಗಿಡಮೂಲಿಕೆಯೇ ತಾನೇ ಅಂತ ಹಚ್ಚುವ ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ, ಕರ್ಪೂರ ಬೆರೆತ ನೋವಿನ ಎಣ್ಣೆಯೂ ಹಾಗೇ. ಬೇವಿನ ಎಣ್ಣೆ ನೆಕ್ಕಿ ನಡುಕ ಬಂದ ಬೆಕ್ಕುಗಳಿವೆ. ಬೆಕ್ಕಿಗೆ ಏನೇ ಆದರೂ ಕೇಳದೆ ಏನನ್ನೂ ಹಚ್ಚಬೇಡಿ, ಕುಡಿಸಬೇಡಿ.

ಎರಡು ಪದ್ಧತಿಯನ್ನೂ ನಾನು ಧೈರ್ಯವಾಗಿ ಸೇರಿಸುವುದು ವಯಸ್ಸಾದ ನಾಯಿಗಳ ಸೊಂಟ ನೋವಿನಲ್ಲಿ. ನೋವು ಜಾಸ್ತಿ ಇರುವಾಗ ನಾಯಿಗೆಂದೇ ಇರುವ ನೋವಿನ ಮಾತ್ರೆ ಬೇಕೇ ಬೇಕು. ಮನುಷ್ಯರ ಡೈಕ್ಲೋಫಿನಾಕ್, ಐಬುಪ್ರೊಫೆನ್ ಕೊಟ್ಟರೆ ಹೊಟ್ಟೆ ಹುಣ್ಣಾಗಿ ಕಿಡ್ನಿ ಹೋಗುತ್ತದೆ. ಅದರ ಜೊತೆಗೆ ಮೀನೆಣ್ಣೆ, ಬಿಸಿ ಬಟ್ಟೆಯ ಶಾಖ, ನಿಧಾನದ ಮಾಲೀಸು, ಟೈಲ್ಸ್ ಮೇಲೆ ಜಾರದ ಹಾಗೆ ಒಂದು ಚಾಪೆ, ಕಲಿತವರು ಸಿಕ್ಕರೆ ಅಕ್ಯುಪಂಕ್ಚರ್. ಎಲ್ಲಕ್ಕಿಂತ ಮುಖ್ಯ ತೂಕ. 48 ಲ್ಯಾಬ್ರಡಾರ್‌ಗಳನ್ನು ಬದುಕಿರುವವರೆಗೂ ಗಮನಿಸಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಲು ಭಾಗ ಕಡಿಮೆ ಊಟ ಮಾಡಿದ ನಾಯಿಗಳು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿದವು, ಕೀಲು ನೋವೂ ಅವಕ್ಕೆ ತಡವಾಗಿ ಬಂತು. ಇಷ್ಟು ಕೆಲಸ ಮಾಡುವ ಬೇರು ನನಗಂತೂ ಸಿಕ್ಕಿಲ್ಲ. ಅರಿಶಿನ ಊಟದಲ್ಲಿ ಒಂದು ಚಿಟಿಕೆ ಪರವಾಗಿಲ್ಲ, ಆದರೆ ಅರಿಶಿನದ ದೊಡ್ಡ ಡೋಸಿನ ಕ್ಯಾಪ್ಸೂಲ್ ಬೇರೆ ಮಾತು. ಅದು ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡಬಹುದು. ಪ್ಲೇಟ್‌ಲೆಟ್ ಬಿದ್ದಿರುವ ನಿಮ್ಮ ರಾಜನಿಗೆ ಈಗ ಅದು ಬೇಡ. ಹೋಮಿಯೋಪತಿಯ ಸಕ್ಕರೆ ಗುಳಿಗೆಯಿಂದ ನೇರ ತೊಂದರೆ ಕಡಿಮೆ, ಆದರೆ ಅದನ್ನು ನಂಬಿ ಮಾತ್ರೆ ಬಿಟ್ಟರೆ ಮತ್ತೆ ಅದೇ ಒಂಬತ್ತು ದಿನದ ಕಥೆ.

ಕಾಯುವ ಹಾಗೇ ಇಲ್ಲದ ಹೊತ್ತುಗಳಿವೆ. ಮರಿ ರಕ್ತಭೇದಿ ಮಾಡುತ್ತಿದ್ದರೆ ಅದು ಪಾರ್ವೊ ಅನ್ನೋ ವೈರಸ್ ಕಾಯಿಲೆ ಇರಬಹುದು, ದಾಳಿಂಬೆ ಸಿಪ್ಪೆ ಕಷಾಯ ಕುದಿಯುವಷ್ಟರಲ್ಲಿ ಮರಿಯ ಮೈಯ ನೀರು ಹೋಗಿರುತ್ತದೆ, ಡ್ರಿಪ್ ಬೇಕು. ಗಂಡು ಬೆಕ್ಕು ಮೂತ್ರಕ್ಕೆ ಕೂತು ಕೂತು ಒಂದು ಹನಿಯೂ ಬರದಿದ್ದರೆ ಅವತ್ತೇ ಆಸ್ಪತ್ರೆಗೆ. ಹುಚ್ಚುನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಲಸಿಕೆಗೆ ಹೋಗಿ, ಸುಣ್ಣ, ಖಾರದಪುಡಿ, ಎಲೆ ಯಾವುದೂ ಬೇಡ. ಇದು ಮನುಷ್ಯರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಡಾಕ್ಟರಿಗೆ ಹೇಳಿದರೆ ಬೈತಾರೆ ಅಂತ ಎಷ್ಟೋ ಜನ ಮನೆ ಮದ್ದಿನ ವಿಷಯ ಮುಚ್ಚಿಡುತ್ತಾರೆ. ಬೈಯುವ ಡಾಕ್ಟರುಗಳ ತಪ್ಪೂ ಇದರಲ್ಲಿದೆ, ಅದನ್ನು ಒಪ್ಪಲೇಬೇಕು. ಆದರೂ ಹೇಳಿ. ಆಪರೇಷನ್ ಇದ್ದರಂತೂ ಎರಡು ವಾರ ಮೊದಲೇ ಹೇಳಿ.

ಈಗ ನೀವು ಮಾಡಬೇಕಾದ್ದು: ಮಾತ್ರೆ ಕೊಟ್ಟ ದಿನಕ್ಕೆಲ್ಲ ಕ್ಯಾಲೆಂಡರಿನಲ್ಲಿ ಗೀಟು ಹಾಕಿ. ದಿನಾ ಬೆಳಗ್ಗೆ ಬೆಳಕಿನಲ್ಲಿ ರಾಜನ ತುಟಿ ಎತ್ತಿ ಒಸಡಿನ ಬಣ್ಣ ನೋಡಿ. ಬಿಳಿಚಿದರೆ, ಮೂಗಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅವತ್ತೇ ಹೋಗಿ. ಮುಂದಿನ ರಕ್ತ ಪರೀಕ್ಷೆಗೆ ಹೋಗುವಾಗ ಮನೆಯಲ್ಲಿ ಕೊಟ್ಟ ಸಿರಪ್ಪು, ಎಣ್ಣೆ, ಪುಡಿ ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ ಡಾಕ್ಟರ್ ಟೇಬಲ್ ಮೇಲೆ ಇಡಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಏನು, ಯಾವಾಗ, ಎಷ್ಟು ಕೊಟ್ಟರು ಅಂತ ಅವರೇ ಹೇಳಲಿ.