ಕಣ್ಣೆದುರಿಗಿದ್ದರೂ ಕಾಣದ ಗೊರಿಲ್ಲಾ

ಸ್ಕ್ಯಾನ್, ಎಕ್ಸ್‌ರೇ ನೋಡಿ ರಿಪೋರ್ಟ್ ಬರೆಯುವ ನಮ್ಮಂಥ ರೇಡಿಯಾಲಜಿಸ್ಟ್‌ಗಳನ್ನು ಸ್ವಲ್ಪ ಕೆಣಕಬೇಕು ಅನ್ನಿಸಿದರೆ ನಮ್ಮ ಮುಂದೆ ಗೊರಿಲ್ಲಾ ವಿಷಯ ಎತ್ತಿ. ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗ ಅದು. ನಮ್ಮ ಕಸುಬಿನ 24 ಮಂದಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಕೊಟ್ಟು, ಸಣ್ಣ ಗಂಟುಗಳಿದ್ದರೆ ಹುಡುಕಿ ಎಂದರು. ಕೊನೆಯ ಸ್ಕ್ಯಾನ್‌ನಲ್ಲಿ ಸುಮ್ನೆ ಒಂದು ಗೊರಿಲ್ಲಾ ಚಿತ್ರ ಸೇರಿಸಿದ್ದರು, ಗಂಟಿಗಿಂತ 48 ಪಟ್ಟು ದೊಡ್ಡದು. 20 ಮಂದಿಗೆ ಅದು ಕಾಣಲೇ ಇಲ್ಲ! ಕಣ್ಣು ಎಲ್ಲೆಲ್ಲಿ ಓಡಿತು ಎಂದು ಯಂತ್ರ ದಾಖಲಿಸುತ್ತಿತ್ತು. ಆ 20ರಲ್ಲಿ 12 ಜನ ನೇರವಾಗಿ ಗೊರಿಲ್ಲಾವನ್ನೇ ನೋಡಿದ್ದರು. (ನಗಬೇಡಿ, ಈ ಕೆಲಸ ಗೊತ್ತಿಲ್ಲದವರಿಗೂ ಅದೇ ಸ್ಕ್ಯಾನ್ ತೋರಿಸಿದ್ದರು, ಒಬ್ಬರಿಗೂ ಕಾಣಲಿಲ್ಲ.)

ಕಣ್ಣಿನ ದೋಷ ಅಲ್ಲ ಇದು. ಸಣ್ಣ ಬಿಳಿ ಚುಕ್ಕೆ ಬೇಕು ಅಂತ ಮನಸ್ಸು ಹೊರಟಾಗ ಉಳಿದದ್ದನ್ನೆಲ್ಲ ಅದೇ ಪಕ್ಕಕ್ಕೆ ತಳ್ಳುತ್ತದೆ.

ಇದಕ್ಕಿಂತ ಜಾಸ್ತಿ ಕಾಟ ಕೊಡುವುದು ಇನ್ನೊಂದಿದೆ. ಬೈಕ್‌ನಿಂದ ಬಿದ್ದವರ ಎದೆಯ ಎಕ್ಸ್‌ರೇ ಬರುತ್ತದೆ, ಪಕ್ಕೆಲುಬು ಮುರಿದದ್ದು ತಕ್ಷಣ ಕಾಣುತ್ತದೆ, ಸಿಕ್ಕಿತಲ್ಲ ಅಂತ ಮನಸ್ಸು ಹುಡುಕಾಟ ನಿಲ್ಲಿಸಿಬಿಡುತ್ತದೆ. ಅದೇ ಫಿಲ್ಮ್‌ನ ಅಂಚಿನಲ್ಲಿ ಹೆಗಲ ಮೂಳೆ ಬಿರುಕು ಬಿಟ್ಟಿರಬಹುದು. "ಇನ್ನೂ ಹುಷಾರಾಗಿ ನೋಡಿ" ಎನ್ನುವ ಬುದ್ಧಿವಾದದಿಂದ ಏನೂ ಆಗಲ್ಲ, ಹುಷಾರಾಗಿದ್ದವರೇ ಅಲ್ವಾ ಗೊರಿಲ್ಲಾ ಬಿಟ್ಟದ್ದು. ಕೆಲಸಕ್ಕೆ ಬರುವುದು ಕಟ್ಟುನಿಟ್ಟಾದ ಕ್ರಮ. ಮೊದಲ ನೋಟಕ್ಕೇ ಏನೋ ಸಿಕ್ಕರೂ ಕಾಲರ್‌ಬೋನ್ ಹಿಂದೆ, ಹೃದಯದ ನೆರಳಿನ ಹಿಂದೆ, ಎರಡೂ ಹೆಗಲು, ಹೀಗೆ ಪ್ರತಿ ಸಲವೂ ಅದೇ ದಾರಿಯಲ್ಲಿ ಹೋಗಿಯೇ ರಿಪೋರ್ಟ್ ಬರೆಯಬೇಕು. ಬೇಜಾರಿನ ಕೆಲಸ, ಬೇರೆ ದಾರಿಯಿಲ್ಲ.

ಇನ್ನು ಸ್ಕ್ಯಾನ್‌ಗೆ ಕಳಿಸುವಾಗ ಡಾಕ್ಟರು ಬರೆದುಕೊಡುವ ಚೀಟಿ. "ಕಲ್ಲು?" ಎಂದಷ್ಟೇ ಬರೆದಿದ್ದರೆ ಕಣ್ಣು ಸೀದಾ ಕಿಡ್ನಿಗೆ ಓಡುತ್ತದೆ. "ಎರಡು ದಿನದಿಂದ ಬಲಗಡೆ ಕೆಳಹೊಟ್ಟೆ ನೋವು, ಜ್ವರ, ವಾಂತಿ" ಎಂದಿದ್ದರೆ ಅಪೆಂಡಿಕ್ಸ್ ಕೂಡ ಅಷ್ಟೇ ಗಮನ ಪಡೆಯುತ್ತದೆ. ಚೀಟಿಯಲ್ಲಿ ಡಾಕ್ಟರ ಊಹೆಗಿಂತ ರೋಗಿಯ ತೊಂದರೆ ಏನೆಂದು ಬರೆದಿರಲಿ ಎನ್ನುವುದು ನನ್ನ ಹಟ. "ಮಿಷನ್‌ನಲ್ಲೇ ಎಲ್ಲಾ ಗೊತ್ತಾಗುತ್ತಲ್ಲ" ಅಂತ ಸುಮ್ಮನಿರುವ ರೋಗಿಗಳೂ ಬಹಳ. ನೋವು ಎಲ್ಲಿದೆ ಎಂದು ಟೆಕ್ನಿಷಿಯನ್‌ಗೆ ಬೆರಳಿಟ್ಟು ತೋರಿಸಿ, ಹಿಂದೆ ಆಪರೇಷನ್ ಆಗಿದ್ದರೆ ಹೇಳಿ, ಬೀರುವಿನಲ್ಲಿ ಹಳೇ ಫಿಲ್ಮ್ ಇದ್ದರೆ ಮಡಚದೆ ತನ್ನಿ.