ಮೀಟರ್ ಅರ್ಧಕ್ಕೇ ನಿಲ್ಲುತ್ತೆ, ರೆಕಾರ್ಡರ್ ಮುಂದೆ ಲೆವೆಲ್ ಏರಿಸೋ ನಾಬ್ ಎಲ್ಲಿದೆ?

ಪ್ರಶ್ನೆ: ಸಾರ್, ನಮ್ಮ ತಂಡಕ್ಕೆ 24 ಟ್ರ್ಯಾಕಿನ ಡಿಜಿಟಲ್ ರೆಕಾರ್ಡರ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದೆ. ವೈರಿಂಗ್ ಎಲ್ಲಾ ಆಯ್ತು, ಆದ್ರೆ ಮುಂದಿನ ಪ್ಯಾನೆಲ್‌ನಲ್ಲಿ ಮೀಟರ್ ಅರ್ಧ ದಾಟ್ತಿಲ್ಲ, ಲೆವೆಲ್ ಏರಿಸೋ ನಾಬೇ ಕಾಣ್ತಿಲ್ಲ. ಕೆಂಪು ಮುಟ್ಟೋ ಹಂಗೆ ರೆಕಾರ್ಡ್ ಮಾಡ್ಲಿಲ್ಲ ಅಂದ್ರೆ ಕ್ವಾಲಿಟಿ ಬರಲ್ಲ ಅಂತ ಎಲ್ಲಾರೂ ಹೇಳ್ತಾರೆ. ಎಲ್ಲಿ ಏರಿಸ್ಬೇಕು?

ಉತ್ತರ: ಎಲ್ಲೂ ಏರಿಸ್ಬೇಡಿ. ಅರ್ಧಕ್ಕೆ ನಿಂತಿದೆ ಅಂದ್ರೆ ಸರಿಯಾಗೇ ಇದೆ.

ಗಣಪತಿ ಹಬ್ಬ ಹತ್ರ ಬಂದಾಗಿಂದ ದಸರಾ ಮುಗಿಯೋ ತನಕ ಈ ಪ್ರಶ್ನೆ ನನಗೆ ಎಷ್ಟು ಸಲ ಬರುತ್ತೆ ಅಂದ್ರೆ ಲೆಕ್ಕ ಇಡೋದನ್ನೇ ಬಿಟ್ಟಿದೀನಿ. ಫೋನಲ್ಲಿ ಹೇಳಿದೀನಿ, ಇಲ್ಲಿ ಮೈಸೂರಲ್ಲಿ ಒಂಟಿಕೊಪ್ಪಲ್ ಗಣಪತಿ ಪೆಂಡಾಲ್ ಪಕ್ಕ ನಿಂತ್ಕೊಂಡು ಹೇಳಿದೀನಿ, ಕಲಾಮಂದಿರದ ಮೆಟ್ಟಿಲ ಮೇಲೆ ಕೂತ್ಕೊಂಡು ಹುಡುಗರಿಗೆ ಹಾಳೆ ಮೇಲೆ ಬರೆದು ತೋರ್ಸಿದೀನಿ, ಆದ್ರೂ ಮುಂದಿನ ವಾರ ಅದೇ ಹುಡುಗ ಗೇನ್ ತಿರುಗಿಸ್ಕೊಂಡು ಕೂತಿರ್ತಾನೆ. ಅದಕ್ಕೆ ಈ ಸಲ ಪೂರ್ತಿ ಬರೆದುಬಿಡ್ತೀನಿ.

ಮೊದಲು ನಾಬ್ ವಿಷಯ. ಈ ಥರದ ರ್‍ಯಾಕ್ ರೆಕಾರ್ಡರ್‌ಗಳಲ್ಲಿ ಹೆಚ್ಚಿನವುಕ್ಕೆ ಮುಂದುಗಡೆ ಲೆವೆಲ್ ನಾಬ್ ಇಟ್ಟೇ ಇರಲ್ಲ. ಅದು ಲೈನ್ ಲೆವೆಲ್, ಅಂದ್ರೆ ಮಿಕ್ಸರ್ ಮೊದಲೇ ಏರಿಸಿ ಕಳಿಸಿದ ಸಿಗ್ನಲ್ ತಗೊಳ್ಳೋ ಮೆಷಿನ್, ಬಂದಿದ್ದನ್ನ ಬಂದ ಹಾಗೇ ಬರೆದಿಡೋದಷ್ಟೇ ಅದರ ಕೆಲಸ. ಲೆವೆಲ್ ತೀರ್ಮಾನ ಆಗೋದು ಮಿಕ್ಸರ್‌ನಲ್ಲಿ, ಚಾನಲ್‌ನ ಮೇಲ್ಗಡೆ ತುದೀಲಿರೋ ಗೇನ್ ನಾಬ್‌ನಲ್ಲಿ. ಮುಂದೆ ಇರೋ ಹೆಡ್‌ಫೋನ್ ವಾಲ್ಯೂಮ್ ನಿಮ್ಮ ಕಿವಿಗೆ ಮಾತ್ರ, ಅದನ್ನ ಪೂರ್ತಿ ತಿರುಗಿಸಿದ್ರೂ ರೆಕಾರ್ಡಿಂಗ್‌ನಲ್ಲಿ ಕೂದಲಷ್ಟೂ ವ್ಯತ್ಯಾಸ ಆಗಲ್ಲ.

ಇನ್ನು ಬಟನ್‌ಗಳು. ಪ್ರತಿ ಟ್ರ್ಯಾಕಿಗೂ ಒಂದು ಆರ್ಮ್ ಬಟನ್, ಕೆಲವು ಮೆಷಿನ್‌ನಲ್ಲಿ ರೆಕಾರ್ಡ್ ರೆಡಿ ಅಂತ ಬರೆದಿರುತ್ತೆ. ಒತ್ತಿದ್ರೆ ಕೆಂಪು ಲೈಟ್ ಮಿಣುಕುತ್ತೆ, ಅಂದ್ರೆ ಆ ಟ್ರ್ಯಾಕ್ ತಯಾರಿದೆ ಅಂತ ಅಷ್ಟೇ, ಇನ್ನೂ ಏನೂ ಬರೀತಿಲ್ಲ. ರೆಕಾರ್ಡ್ ಹಿಡ್ಕೊಂಡು ಪ್ಲೇ ಒತ್ತಿದ್ರೆ ಮಿಣುಕೋದು ನಿಂತು ಗಟ್ಟಿಯಾಗಿ ಉರಿಯುತ್ತೆ, ಟೈಮ್ ಓಡುತ್ತೆ, ಆಗ ರೆಕಾರ್ಡ್ ಆಗ್ತಿದೆ ಅಂತ ಅರ್ಥ. ಮೀಟರ್ ಆಡ್ತಿದೆ ಅಂದ ಮಾತ್ರಕ್ಕೆ ರೆಕಾರ್ಡ್ ಆಗ್ತಿದೆ ಅಂತ ಅಂದ್ಕೋಬೇಡಿ, ಒಳಗೆ ಬರೋ ಸದ್ದನ್ನ ಹಾಗೇ ತೋರಿಸಿ ಕೇಳಿಸೋ ಇನ್‌ಪುಟ್ ಮಾನಿಟರ್ ಆನ್ ಇದ್ರೆ ಆರ್ಮ್ ಮಾಡದಿರೋ ಟ್ರ್ಯಾಕಿನ ಮೀಟರೂ ಆಡುತ್ತೆ. ಮೃದಂಗದ ಟ್ರ್ಯಾಕ್ ಇಡೀ ಕಚೇರಿ ಖಾಲಿ ಹೋಗಿರೋದನ್ನ ಕಣ್ಣಾರೆ ನೋಡಿದೀನಿ, ಮೀಟರ್ ಮಾತ್ರ ಮೂರು ಗಂಟೆ ಚೆನ್ನಾಗಿ ಕುಣೀತಿತ್ತು. ಮೀಟರ್ ಬಿಡಿ, ಆರ್ಮ್ ಲೈಟ್‌ಗಳನ್ನ ಬೆರಳಿಟ್ಟು ಒಂದೊಂದೇ ಎಣಿಸಿ.

ಈಗ ಮೀಟರಿನ ಆ ಕೆಂಪಿನ ವಿಷಯಕ್ಕೆ ಬರೋಣ, ನಾನು ಬರೆಯೋಕೆ ಕೂತಿದ್ದೇ ಅದಕ್ಕೆ.

ಹಳೇ ಟೇಪ್ ಮೆಷಿನ್‌ಗಳಲ್ಲಿ ಮುಳ್ಳಿನ ಮೀಟರ್ ಇರ್ತಿತ್ತಲ್ಲ, ವಿಯು ಮೀಟರ್, ಅದರಲ್ಲಿ ಸೊನ್ನೆ ಅಂದ್ರೆ ಕೆಲಸ ಮಾಡೋ ಮಟ್ಟ. ಸೊನ್ನೆ ದಾಟಿ ಕೆಂಪಿಗೆ ಸ್ವಲ್ಪ ಹೋದ್ರೂ ಟೇಪ್ ಸಹಿಸ್ಕೊಳ್ತಿತ್ತು, ಸದ್ದು ಸ್ವಲ್ಪ ದಪ್ಪ ಆಗ್ತಿತ್ತು, ಕೆಲವರಿಗೆ ಅದೇ ಇಷ್ಟ. ಕೆಳಗಿಟ್ರೆ ಟೇಪಿನ ಸೂ ಅನ್ನೋ ಸದ್ದು ಮೇಲೆ ಬರ್ತಿತ್ತು, ಅದಕ್ಕೇ ಆ ಕಾಲದ ಹಿರಿಯರು ಕೆಂಪಿನ ಹತ್ರ ಇಡಿ ಅಂತ ಹೇಳ್ಕೊಟ್ರು, ಅವರ ಮೆಷಿನ್‌ಗೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಿಮ್ಮ ಮೆಷಿನ್‌ನ ಮೀಟರಲ್ಲೂ ಒಂದು ಸೊನ್ನೆ ಇದೆ, ಆದ್ರೆ ಅದು ಮೇಲ್ಛಾವಣಿ. ಅದರ ಮೇಲೆ ಬರೆಯೋಕೆ ಅಂಕಿನೇ ಇಲ್ಲ. ಅಲೆಯ ತಲೆ ಅಲ್ಲಿಗೆ ಹೋಗಿ ತಟ್ಟಿದ್ರೆ ಕತ್ತರಿಸಿದ ಹಾಗೆ ಚಪ್ಪಟೆ ಆಗುತ್ತೆ, ಆಮೇಲೆ ಯಾವ ಸಾಫ್ಟ್‌ವೇರ್ ತಂದು ಹಾಕಿದ್ರೂ ಮೊದಲಿನ ಹಂಗೆ ಬರಲ್ಲ. ಒಂದೇ ಅಂಕಿ, ಎರಡು ಅರ್ಥ, ಗೊಂದಲ ಹುಟ್ಟಿದ್ದೇ ಇಲ್ಲಿ.

ಹಾಗಾದ್ರೆ ಹಳೇ ಮೀಟರಿನ ಸೊನ್ನೆ ನಿಮ್ಮ ಮೀಟರಲ್ಲಿ ಎಲ್ಲಿ ಬರುತ್ತೆ? ಯುರೋಪಿನ ಬ್ರಾಡ್‌ಕಾಸ್ಟ್‌ನೋರು −18 ಡಿಬಿಲಿ (ಡಿಬಿ ಅಂದ್ರೆ ಡೆಸಿಬಲ್, ಸದ್ದಿನ ಮಟ್ಟ ಅಳೆಯೋ ಲೆಕ್ಕ) ಲೈನ್ ಅಪ್ ಮಾಡ್ತಾರೆ, ಅಂದ್ರೆ ಅದನ್ನೇ ಮಾಮೂಲಿ ಮಟ್ಟ ಅಂತ ಹೊಂದಿಸ್ತಾರೆ, ಅಮೆರಿಕದೋರು −20ರಲ್ಲಿ. ಈಗ ನಿಮ್ಮ ರೆಕಾರ್ಡರ್ ಮುಂದೆ ಹೋಗಿ −18, −20 ಎಲ್ಲಿದೆ ಅಂತ ಸ್ವಲ್ಪ ನೋಡಿ, ಹೆಚ್ಚು ಕಡಿಮೆ ಮೀಟರಿನ ಅರ್ಧಕ್ಕೇ ಇರುತ್ತೆ. ನೀವು ಕಡಿಮೆ ಅಂತ ಕೊರಗ್ತಿದೀರಲ್ಲ, ಅದೇ ಜಾಗ.

ಇಷ್ಟು ಹೇಳಿದ ತಕ್ಷಣ ಬರೋ ಮಾತು ನನಗೆ ಗೊತ್ತು, "ಸಾರ್, ಕೆಳಗಿಟ್ರೆ ಬಿಟ್ ವೇಸ್ಟ್ ಆಗುತ್ತಲ್ಲಾ?" ಬಿಟ್ ಅಂದ್ರೆ ಸದ್ದನ್ನ ಅಂಕಿಯಾಗಿ ಬರೆಯೋಕೆ ಇರೋ ಮನೆಗಳು. ಲೆಕ್ಕನೇ ಹಾಕೋಣ. ಒಂದು ಬಿಟ್ಟಿಗೆ ಸುಮಾರು 6 ಡಿಬಿ. 16 ಬಿಟ್ ಅಂದ್ರೆ 96 ಡಿಬಿ, ನಿಮ್ಮ ಮೆಷಿನ್‌ನ 24 ಬಿಟ್ ಅಂದ್ರೆ 144. ನಿಮ್ಮ ಪೀಕ್, ಅಂದ್ರೆ ಅತಿ ಜೋರು ಸದ್ದು, −18ರಲ್ಲಿ ನಿಂತ್ರೆ ಮೂರು ಬಿಟ್ ಬಳಸ್ಲಿಲ್ಲ ಅಂತ ಇಟ್ಕೊಳ್ಳಿ, ಉಳಿದಿದ್ದು 21 ಬಿಟ್, 126 ಡಿಬಿ. ಸಿಡಿಗೆ ಇರೋದೇ 16 ಬಿಟ್ಟು. ಇನ್ನು ಹಾಲ್ ಕಡೆಗೆ ತಿರುಗಿ ನೋಡಿ, ಮೈಕಿನ ಹತ್ರ ಜೋರು ಪೆಟ್ಟು 110 ಡಿಬಿ ಇದ್ದು, ಫ್ಯಾನು, ಜನರ ಪಿಸುಮಾತು, ಹೊರಗಿನ ಆಟೋ ಎಲ್ಲಾ ಸೇರಿ 40 ಇದೆ ಅಂದ್ರೂ ಮಧ್ಯದ ಅಂತರ 70 ಡಿಬಿ. 70 ಸೇರು ಭತ್ತ ತುಂಬೋಕೆ 126 ಸೇರಿನ ಚೀಲ ಇದೆ, ಅದನ್ನ ಬಾಯಿ ತನಕ ತುಂಬಿಲ್ಲ ಅಂತ ಯಾಕೆ ತಲೆ ಕೆಡಿಸ್ಕೋತೀರಿ?

ರೆಕಾರ್ಡ್ ಆದ ಮೇಲೆ ಏರಿಸಿದ್ರೆ ನಾಯ್ಸ್ ಬರುತ್ತೆ ಅಂತಾನೂ ಹೇಳ್ತಾರೆ. ಬರುತ್ತೆ, ಆದ್ರೆ ಅದು ಹಾಲಿನ ಫ್ಯಾನ್ ಸದ್ದು, ಮೈಕ್ ಹಿಡಿದಿದ್ದನ್ನೇ ನೀವು ಏರಿಸ್ತಿರೋದು. ಮೊದಲೇ ಗೇನ್ ಏರಿಸಿದ್ರೆ ಫ್ಯಾನೂ ಅಷ್ಟೇ ಏರ್ತಿತ್ತು. ನನ್ನ ಮಾತು ನಂಬ್ಬೇಡಿ, ಮಾಡಿ ನೋಡಿ. ಯಾರಾದ್ರೂ ಒಬ್ಬರನ್ನ ಕೂರಿಸಿ ತಂಬೂರಿ ಮೀಟಿಸಿ, ಒಂದು ಸಲ ಪೀಕ್ −6ಕ್ಕೆ, ಇನ್ನೊಂದು ಸಲ −18ಕ್ಕೆ ರೆಕಾರ್ಡ್ ಮಾಡಿ, ಎರಡನೇದನ್ನ ಕಂಪ್ಯೂಟರ್‌ನಲ್ಲಿ 12 ಡಿಬಿ ಏರಿಸಿ, ಯಾವುದು ಯಾವುದು ಅಂತ ಹೇಳ್ದೆ ನಿಮ್ಮ ತಂಡದೋರಿಗೆ ಕೇಳಿಸಿ. ನನ್ನ ಹತ್ರ ಕಲಿಯೋಕೆ ಬಂದ ಹುಡುಗರಿಗೆಲ್ಲಾ ಮೊದಲ ದಿನ ಮಾಡ್ಸೋದು ಇದೇ, ಇವತ್ತಿನ ತನಕ ಒಬ್ಬರೂ ಬಿಡಿಸಿ ಹೇಳಿಲ್ಲ, ಆ ಹುಡುಗರಲ್ಲಿ ಯಾರೂ ಈಗ ಕೆಂಪು ಮುಟ್ಟಲ್ಲ.

ಹಾಂ, ಒಂದು ಕಾಲದಲ್ಲಿ ಡಿಜಿಟಲ್‌ನಲ್ಲೂ ಮೇಲೆ ಇಡಿ ಅನ್ನೋ ಮಾತಿಗೆ ಅರ್ಥ ಇತ್ತು, ಅದನ್ನೂ ಹೇಳ್ಬೇಕು. 1990ರ ದಶಕದಲ್ಲಿ ಅಲೆಸಿಸ್ ಕಂಪನಿಯ ಅಡಾಟ್ ರೆಕಾರ್ಡರ್ ಬಂತು, ಎಸ್‌ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ ಮೇಲೆ 8 ಟ್ರ್ಯಾಕು, ಹಿಂದೇನೇ ಟಾಸ್ಕಾಮ್ ಡಿಎ-88, ಅದೂ 8 ಟ್ರ್ಯಾಕು, ಹೈ-8 ಕ್ಯಾಸೆಟ್ ಮೇಲೆ. ಎರಡೂ 16 ಬಿಟ್. ಅಲ್ಲಿ ತುಂಬಾ ಕೆಳಗೆ ಇಟ್ರೆ ನಿಜವಾಗ್ಲೂ ನಷ್ಟ ಆಗ್ತಿತ್ತು, ಸ್ವಲ್ಪ ಮೇಲೆ ಇಡ್ತಿದ್ರು. ನಿಮ್ಮದು 24 ಬಿಟ್, ಆ ಹೆದರಿಕೆ ನಿಮಗೆ ಬೇಡ.

ಇನ್ನೊಂದು ವಿಷಯ ಯಾರೂ ಯೋಚ್ನೆ ಮಾಡಲ್ಲ. ರೆಕಾರ್ಡರ್‌ನ ಮೀಟರ್ ಸೊನ್ನೆ ಹತ್ರ ಹೋಗ್ಬೇಕು ಅಂದ್ರೆ ಮಿಕ್ಸರ್ ತನ್ನ ಮಾಮೂಲಿ ಮಟ್ಟಕ್ಕಿಂತ ಹತ್ತಿರ ಹತ್ತಿರ 20 ಡಿಬಿ ಜಾಸ್ತಿ ತಳ್ಬೇಕು. ನಾವು ಬಳಸೋ ಸಣ್ಣ ಮಿಕ್ಸರ್‌ಗಳಿಗೆ ಅಲ್ಲಿ ಉಸಿರು ಕಟ್ಟುತ್ತೆ. ರೆಕಾರ್ಡರ್‌ನಲ್ಲಿ ಅಲೆ ಕತ್ತರಿಸ್ತು ಅಂತ ತೋರಿಸೋ ಕ್ಲಿಪ್ ಲೈಟ್ ಬಂದೇ ಇರಲ್ಲ, ಆದ್ರೆ ಸದ್ದು ಮಿಕ್ಸರ್‌ನಲ್ಲೇ ಒಡೆದು ಬಂದಿರುತ್ತೆ.

ಮಂಡ್ಯ ಕಡೆ ಒಂದು ಊರಲ್ಲಿ ಮಾದೇಶ್ವರನ ಹಬ್ಬಕ್ಕೆ ಕಂಸಾಳೆ ರೆಕಾರ್ಡ್ ಮಾಡೋಕೆ ಹೋಗಿದ್ದೆ, ಬಹಳ ವರ್ಷದ ಹಿಂದೆ. ಸಂಜೆ ಚೆಕ್ ಮಾಡುವಾಗ ಹಿರಿಯರು ನಾಲ್ಕು ಪೆಟ್ಟು ಮೆಲ್ಲಗೆ ಹಾಕಿ "ಸಾಕೇನಪ್ಪಾ?" ಅಂದ್ರು, ಮೀಟರ್ −12ರಲ್ಲಿತ್ತು. ಜೊತೆಗಿದ್ದ ಸೌಂಡಿನೋರು ಇನ್ನೂ ಏರ್ಸಿ ಏರ್ಸಿ ಅಂದ್ರು, −4ಕ್ಕೆ ತಂದೆ. ರಾತ್ರಿ ಹತ್ತಕ್ಕೆ ಕುಣಿತ ಏರಿದ ಮೇಲೆ ಆ ಕಂಚಿನ ತಾಳ ಬಡಿದ ಪ್ರತಿ ಪೆಟ್ಟೂ ಚಪ್ಪಟೆ. ಕಥೆ ಹಾಡಿದ ದನಿ ಚೆನ್ನಾಗಿತ್ತು, ತಾಳ ಮಾತ್ರ ತಗಡು ಹರಿದ ಹಂಗೆ. ಆ ತಂಡದ ಹಿರಿಯರು ಈಗಿಲ್ಲ, ಆ ರಾತ್ರಿ ಮತ್ತೆ ಬರಲ್ಲ. ಅದಕ್ಕೇ ನಾನು ಈ ವಿಷಯದಲ್ಲಿ ಇಷ್ಟು ಹಟ ಮಾಡೋದು.

ಕಂಸಾಳೆ, ತಮಟೆ, ಘಟ ಇವೆಲ್ಲಾ ಕಣ್ಣು ಮಿಟುಕಿಸೋದಕ್ಕಿಂತ ಬೇಗ ಏರಿ ಇಳಿಯೋ ಸದ್ದು. ವಿಯು ಮುಳ್ಳು ಪೂರ್ತಿ ಏಳೋಕೆ 300 ಮಿಲಿಸೆಕೆಂಡ್ ಬೇಕು, ಅಷ್ಟರಲ್ಲಿ ಪೆಟ್ಟು ಬಂದು ಹೋಗಿರುತ್ತೆ, ಮುಳ್ಳು ಅದನ್ನ ಕಂಡಿರೋದೇ ಇಲ್ಲ. ಅದಲ್ದೆ ಜನ ಸೇರಿದ ಮೇಲೆ ಯಾವ ಕಲಾವಿದರೂ ಚೆಕ್ಕಿನಲ್ಲಿ ಹೊಡೆದಷ್ಟೇ ಹೊಡೆಯಲ್ಲ, ಹೊಡೀಲೂಬಾರದು. ನಾನು ಈಗ ಮಾಡೋದು ಹೀಗೆ: ಚೆಕ್‌ನಲ್ಲಿ ಹಾಡುಗಾರಿಕೆ, ಪಿಟೀಲು −18ರಿಂದ −15ರ ಒಳಗೆ, ಮೃದಂಗ −18, ತಮಟೆ ಕಂಸಾಳೆ −20. ಕಾರ್ಯಕ್ರಮದಲ್ಲಿ ಏನೇ ಆದ್ರೂ −6 ದಾಟ್ಬಾರದು. 32 ಬಿಟ್ ಫ್ಲೋಟ್ ಮೆಷಿನ್ (ಸೊನ್ನೆ ದಾಟಿದ್ರೂ ಬರೆಯೋಕೆ ಅಂಕಿ ಇರೋ ಥರದ್ದು) ಇಟ್ಕೊಂಡೋರು ಇದಕ್ಕೆ ಉತ್ತರ ಬರೀಬೇಡಿ, ಅದರ ಲೆಕ್ಕ ಬೇರೆ.

ನೀವು ಕೇಳಿಲ್ಲ, ಆದ್ರೂ ಸ್ಟಾಪ್ ಬಟನ್ ಬಗ್ಗೆ ಹೇಳ್ದೆ ಬಿಡೋಕೆ ಮನಸ್ಸಿಲ್ಲ, ಯಾಕಂದ್ರೆ ನಮ್ಮ ಕಡೆ ಕರೆಂಟು. ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಯಿಸೋ ಆ ಎರಡು ಸೆಕೆಂಡ್ ಸೌಂಡ್ ಸಿಸ್ಟಮ್‌ಗೆ ಏನೂ ಅಲ್ಲ, ರೆಕಾರ್ಡರ್‌ಗೆ ಅದು ಪ್ರಾಣ ಹೋದ ಹಾಗೆ. ವೇವ್ ಫೈಲ್ ಎಷ್ಟುದ್ದ ಇದೆ ಅನ್ನೋ ಲೆಕ್ಕ ಫೈಲಿನ ತಲೆಯಲ್ಲಿರುತ್ತೆ, ಬಹಳ ಮೆಷಿನ್‌ಗಳು ಅದನ್ನ ಸರಿಯಾಗಿ ಬರೆಯೋದು ನೀವು ಸ್ಟಾಪ್ ಒತ್ತಿದಾಗ. ಮಧ್ಯೆ ಪವರ್ ಹೋದ್ರೆ ಹಾಡು ಡಿಸ್ಕಲ್ಲಿ ಇದ್ರೂ ಫೈಲ್ ಸೊನ್ನೆ ಸೆಕೆಂಡ್ ಅಂತ ತೋರಿಸ್ಬಹುದು. ಹಂಗಾದ್ರೆ ಗಾಬರಿ ಆಗಿ ಅದೇ ಡ್ರೈವ್ ಮೇಲೆ ಮತ್ತೆ ರೆಕಾರ್ಡ್ ಮಾಡ್ಬೇಡಿ, ಬೇರೆ ಡ್ರೈವ್ ಹಾಕಿ, ಇದನ್ನ ಎತ್ತಿಟ್ಟು ಗೊತ್ತಿರೋರ ಹತ್ರ ತೆಗೆಸಿ, ಬಹಳ ಸಲ ಸಿಗುತ್ತೆ. ಅದಕ್ಕಿಂತ ಮುಂಚೆ ಕಂಪ್ಯೂಟರ್ ಅಂಗಡೀಲಿ ಸಿಗೋ ಸಣ್ಣ ಯುಪಿಎಸ್ ಒಂದು ತಗೊಂಡು ರೆಕಾರ್ಡರ್‌ಗೆ ಮಾತ್ರ ಕೊಡಿ, ಆಂಪ್ಲಿಫೈಯರ್ ಅದಕ್ಕೆ ಚುಚ್ಚಬೇಡಿ. ಮತ್ತೆ ಒಂದೇ ಬೀಸಿಗೆ ಮೂರು ಗಂಟೆ ಓಡಿಸ್ಬೇಡಿ, ತನಿ ಆವರ್ತನ (ಮೃದಂಗ, ಘಟದೋರು ಮಾತ್ರ ನುಡಿಸೋ ಭಾಗ) ಆಗಿ ಚಪ್ಪಾಳೆ ಮುಗಿದು ಮಾತಾಡೋಕೆ ಶುರು ಮಾಡ್ತಾರಲ್ಲ, ಆಗ ಸ್ಟಾಪ್ ಒತ್ತಿ, ಡಿಸ್ಕಿನ ಲೈಟ್ ಮಿಣುಕೋದು ನಿಲ್ಲೋ ತನಕ ಕಾದು, ಹೊಸದಾಗಿ ಶುರು ಮಾಡಿ.

ಜಾಗದ ಲೆಕ್ಕಾನೂ ಗೊತ್ತಿರ್ಲಿ. 48 ಕಿಲೋಹರ್ಟ್ಸ್, 24 ಬಿಟ್, 24 ಟ್ರ್ಯಾಕ್ ಅಂದ್ರೆ ಗಂಟೆಗೆ ಸುಮಾರು 12.4 ಜಿಬಿ, ಮೂರು ಗಂಟೆ ಕಚೇರಿಗೆ 37. ಮನೆಗೆ ಹೋದ ರಾತ್ರಿನೇ ಎರಡು ಬೇರೆ ಬೇರೆ ಡ್ರೈವಿಗೆ ಕಾಪಿ ಹಾಕಿ, ಎರಡರಲ್ಲೂ ಮೊದಲಿಂದ ಒಂದು ತುಣುಕು, ಕೊನೆಯಿಂದ ಒಂದು ತುಣುಕು ಕೇಳಿ. ಅಷ್ಟಾಗೋ ತನಕ ಫಾರ್ಮ್ಯಾಟ್ ಮೆನು ತೆಗೀಬೇಡಿ, ಮಾರನೇ ದಿನ ಬೆಳಗ್ಗೆ ಇನ್ನೊಂದು ಪ್ರೋಗ್ರಾಂ ಇದ್ರೂ ಅಷ್ಟೇ.